ಹೊಯ್ಗೆಯಲ್ಲಿ ದೋಣಿ ಟ್ರೈಲರ್: ಗಾಳಿ ಇಳಿಸುವುದೋ, ಮಡಲು ಹಾಸುವುದೋ, ಹಗ್ಗವೋ?

ನಮ್ಮ ಭಾವನ ಹತ್ತಿರ 16 ಅಡಿಯ ಫೈಬರ್ ದೋಣಿ ಇದೆ. ಕುಂದಾಪುರದ ಕಡೆ ಊರು. ರಸ್ತೆ ಮುಗಿದಲ್ಲಿಂದ ನೀರಿಗೆ ಸುಮಾರು 60 ಮೀಟರ್ ಬರೀ ಹೊಯ್ಗೆ, ಅಂದರೆ ಮರಳು. ಮೊದಲು ಹತ್ತು ಜನ ಸೇರಿ ಎಳೆಯುತ್ತಿದ್ದರು. ಈಗ ಅಷ್ಟು ಜನ ಸಿಗುವುದಿಲ್ಲ, ಹಾಗಾಗಿ ಟ್ರೈಲರ್ ಮಾಡಿಸಿದ. ಎಳೆಯಲು ನನ್ನ ಫೋರ್ ವೀಲ್ ಜೀಪು.

ಮೊದಲು ಮಾಡಿದ್ದು ಟೈರಿನ ಗಾಳಿ ಇಳಿಸುವ ಕೆಲಸ. ಜೀಪಿನ ನಾಲ್ಕೂ ಟೈರಿನ ಗಾಳಿಯನ್ನು 30ರಿಂದ 16 ಪಿಎಸ್‌ಐಗೆ ತಂದೆ. ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ, ಹೂಳುವುದಿಲ್ಲ. ಜೀಪು ಬೆಣ್ಣೆಯ ಹಾಗೆ ಹೋಯಿತು. ಟ್ರೈಲರ್ ಮಾತ್ರ ಆಕ್ಸಲ್‌ವರೆಗೆ ಹೂತಿತು! ಅದರ ಸಪೂರ ಟೈರಿನಲ್ಲಿ 40 ಹಾಗೇ ಇತ್ತು, ನೇಗಿಲು ಹೂಡಿದ ಹಾಗೆ ಸೀಳುತ್ತಿತ್ತು. ಅದಕ್ಕೂ ಇಳಿಸಿದ ಮೇಲೆ ಹೊರಟಿತು. ಆದರೆ ಕಡಿಮೆ ಗಾಳಿಯಲ್ಲಿ ಗಬಕ್ಕನೆ ತಿರುಗಿಸಿದರೆ ಟೈರು ರಿಮ್ ಬಿಡುತ್ತದೆ. ರಸ್ತೆಗೆ ಬಂದ ಮೇಲೆ ಆರು ಟೈರಿಗೆ ಗಾಳಿ ತುಂಬಬೇಕು. ಚಿಕ್ಕ ಪಂಪಿನಲ್ಲಿ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಮೀನಿನ ಮೇಲಿನ ಐಸು ಕರಗುತ್ತಾ ಇರುತ್ತದೆ.

ತೆಂಗಿನ ಮಡಲು ಹಾಸುವುದು ಭಾವನ ಐಡಿಯಾ. ಖರ್ಚಿಲ್ಲ ನಿಜ. ಆದರೆ ಚಕ್ರ ತಿರುಗಿದ ಕೂಡಲೇ ಮಡಲು ಹಿಂದಕ್ಕೆ ಹಾರುತ್ತದೆ, ಹಿಂದೆ ನಿಂತವರ ಕಾಲು ಜೋಪಾನ. ಹೂತ ಗಾಡಿಯನ್ನು ಒಂದು ಗಜ ಮುಂದೆ ತರಲು ಸಾಕು, 60 ಮೀಟರಿಗೆ ಅಲ್ಲ. ಪ್ಲಾಸ್ಟಿಕ್ ಹಲಗೆಗಳೂ ಅಷ್ಟೇ, ಸ್ವಲ್ಪ ವಾಸಿ.

ನನಗೆ ಒಪ್ಪಿದ್ದು ಉದ್ದ ಹಗ್ಗ. ಜೀಪು ಹೊಯ್ಗೆಗೆ ಇಳಿಯುವುದೇ ಬೇಡ. ರಸ್ತೆಯ ಮೇಲೆ ನಿಲ್ಲಿಸಿ, 70 ಮೀಟರ್ ಹಗ್ಗ ಕಟ್ಟಿ, ಸುಮ್ನೆ ನೇರ ಮುಂದೆ ಹೋಗಬೇಕು. ಟ್ರೈಲರ್ ಮೂತಿಯ ಸಣ್ಣ ಚಕ್ರ ಹೊಯ್ಗೆಗೆ ಕಚ್ಚುತ್ತಿತ್ತು. ಅದನ್ನು ಎತ್ತಿ, ಮೂತಿಯ ಕೆಳಗೆ ಅಗಲದ ಹಲಗೆ ಕಟ್ಟಿದೆವು, ಈಗ ಜಾರುತ್ತದೆ. ಇಳಿಸುವಾಗ ಇಳಿಜಾರೇ ಅರ್ಧ ಕೆಲಸ ಮಾಡುತ್ತದೆ, ಮೂರು ಜನ ಸಾಕು. ನಮ್ಮ ಕರಾವಳಿಯಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಹಗ್ಗವಾದರೆ ಟ್ರೈಲರಿನ ಒಂದೇ ಜಾಡು, ಜೀಪು ಅಲ್ಲಿ ಇಲ್ಲಿ ತುಳಿಯುವುದಿಲ್ಲ.

ಅಪಾಯ ಇಲ್ಲವೆಂದಲ್ಲ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಕಡಿದರೆ ಚಾಟಿಯ ಹಾಗೆ ಬೀಸುತ್ತದೆ. ಆ ಬೀಸು ತಗ್ಗಲಿ ಎಂದು ಹಗ್ಗದ ಮಧ್ಯದಲ್ಲಿ ಒದ್ದೆ ಗೋಣಿ ಹಾಕುತ್ತೇವೆ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ.

ಕೇರಳದ ಮುಳಪ್ಪಿಲಂಗಾಡಿನಲ್ಲಿ ಸಾಮಾನ್ಯ ಕಾರುಗಳೇ ಬೀಚಿನ ಮೇಲೆ ಓಡುತ್ತವಲ್ಲ ಎಂದು ಭಾವ ಕೇಳಿದ. ಅಲ್ಲಿ ಹೊಯ್ಗೆ ಗಟ್ಟಿ ಮಾರಾಯ. ನಮ್ಮಲ್ಲೂ ನೀರು ಇಳಿದ ಮೇಲೆ ಅಂಚಿನ ಒದ್ದೆ ಪಟ್ಟಿ ಗಟ್ಟಿಯಾಗೇ ಇರುತ್ತದೆ, ಕಾಟ ಕೊಡುವುದು ಮೇಲಿನ ಒಣ ಹೊಯ್ಗೆ. ಮಡಲನ್ನು ಮಾತ್ರ ಅವನು ಇನ್ನೂ ಬಿಟ್ಟಿಲ್ಲ. ಪ್ರತಿ ಸಲ ನಾಲ್ಕು ಮಡಲನ್ನು ಜೀಪಿಗೆ ತುಂಬಿಸುತ್ತಾನೆ.