ಪೇಪರ್, ಪ್ಯಾಡ್, ಹಗ್ಗ, ಕ್ರೇಟ್: ನಮ್ಮ ಎಳ್ಳು ಯಾವುದರಿಂದ ಏನು ಕಲಿತಳು?

2023ರ ಸಂಕ್ರಾಂತಿ ಕಳೆದು ಎರಡು ದಿನಕ್ಕೆ ನಮ್ಮ ಬೀದಿ ಕೊನೆಯಲ್ಲಿ ಮನೆ ಕಟ್ಟುತ್ತಿದ್ದ ಸೈಟಿನಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾಶಿಯ ಮೇಲೆ ಎರಡು ನಾಯಿಮರಿ ಸಿಕ್ಕವು. ತಾಯಿ ಗಾಡಿಗೆ ಸಿಕ್ಕಿ ಸತ್ತಿತ್ತು. ಒಂದು ಕಪ್ಪು ಹೆಣ್ಣು, ಒಂದು ಕಂದು ಗಂಡು. ಮನೆಯಲ್ಲಿ ಇನ್ನೂ ಡಬ್ಬದ ತುಂಬ ಎಳ್ಳು-ಬೆಲ್ಲ ಇತ್ತು, ಹಾಗಾಗಿ ಹೆಸರು ಹುಡುಕುವ ಕಷ್ಟ ಬರಲಿಲ್ಲ. ಎಳ್ಳು ನಮ್ಮಲ್ಲೇ ಉಳಿದಳು, ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನ ಎರಡನೇ ಮಹಡಿಯಲ್ಲಿ. ಬೆಲ್ಲ ಮೈಸೂರಿನ ನಮ್ಮಕ್ಕನ ಮನೆಗೆ ಹೋದ. ಅಲ್ಲಿ ಹಿತ್ತಲಿದೆ, ಸೀಬೆ ಮರವಿದೆ, ಅಡುಗೆಮನೆಯ ಹಿಂಬಾಗಿಲು ದಿನವಿಡೀ ತೆರೆದೇ ಇರುತ್ತದೆ.

ಒಂದೇ ಸೂಲಿನ ಮರಿಗಳು, ಎರಡು ಥರದ ಮನೆ. ಉಚ್ಚೆ ಎಲ್ಲಿ ಮಾಡಬೇಕು ಅನ್ನುವುದನ್ನು ಮರಿ ಹೇಗೆ ಕಲಿಯುತ್ತದೆ ಅಂತ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ ಅಂತ ನಾನೊಂದು ಹಳೆ ಡೈರಿ ತೆಗೆದಿಟ್ಟುಕೊಂಡೆ. ಎಷ್ಟು ಗಂಟೆಗೆ ಊಟ, ಎಷ್ಟು ಗಂಟೆಗೆ ಉಚ್ಚೆ, ಎಲ್ಲಿ ಅಂತ ದಿನಾ ಬರೆದೆ. ಮೊದಲ ವಾರದ ಪುಟದಲ್ಲಿ ‘ಎಲ್ಲಿ’ ಅನ್ನುವ ಕಡೆ ಬರೀ ‘ಎಲ್ಲೆಲ್ಲೂ’ ಅಂತಿದೆ.

ಸೀದಾ ಕೆಳಗೆ ರಸ್ತೆಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ಕೇಳಬಹುದು. ಆಗುತ್ತಿರಲಿಲ್ಲ. ಮರಿಗೆ ಆಗ ಸುಮಾರು 7 ವಾರ ಅಂತ ಡಾಕ್ಟರು ಅಂದಾಜು ಮಾಡಿದರು. ಲಸಿಕೆ 6ರಿಂದ 8 ವಾರದೊಳಗೆ ಶುರುವಾಗಿ, 3-4 ವಾರಕ್ಕೊಂದರಂತೆ 16 ವಾರದವರೆಗೆ ನಡೆಯುತ್ತದೆ. ಮರಿಗಳ ಜೀವಕ್ಕೇ ಕುತ್ತಾಗುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹತ್ತು ನಾಯಿ ಓಡಾಡುವ ಬೀದಿಗೆ ಲಸಿಕೆ ಮುಗಿಯದ ಮರಿಯನ್ನು ಇಳಿಸುವುದು ಅಂದರೆ ಜೂಜು. ಲೆಕ್ಕ ಹಾಕಿದರೆ ಯುಗಾದಿವರೆಗೆ ಮನೆಯೊಳಗೇ ಏನಾದರೂ ದಾರಿ ಮಾಡಬೇಕಿತ್ತು.

ಮೊದಲು ಪೇಪರ್. ಎಲ್ಲರೂ ಹೇಳುವುದು ಅದನ್ನೇ, ಖರ್ಚೂ ಇಲ್ಲ. ಬಾಲ್ಕನಿ ಪಕ್ಕದ ಮೂಲೆಯಲ್ಲಿ ನಾಲ್ಕು ಪದರ ಹಾಸಿದೆ. ಒದ್ದೆಯಾದ ಒಂದು ಹಾಳೆಯನ್ನು ಹೊಸ ಪೇಪರ್ ಕೆಳಗೆ ಇಟ್ಟರೆ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ. ಬಂದಳು ಕೂಡ. ಸರಿಯಾಗಿ ಮಾಡಿದಾಗಲೆಲ್ಲ ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟೆ. ಐದೇ ದಿನಕ್ಕೆ ಹತ್ತಕ್ಕೆ ಆರು ಸಲ ಪೇಪರ್ ಮೇಲೆಯೇ ಆಗತೊಡಗಿತು. ನಾನು ಬೀಗಿದೆ.

ಆಗ ನಮ್ಮ ಅತ್ತೆ ಹಾಸನದಿಂದ ಬಂದಿದ್ದರು. ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಕಾಲು ಚಾಚಿಕೊಂಡು, ನೆಲದ ಮೇಲೆ ಪೇಪರ್ ಹರಡಿ ಓದುವುದು ಅವರ ಅಭ್ಯಾಸ. ಎಂಟನೇ ದಿನ ಎಳ್ಳು ಮೆಲ್ಲಗೆ ಬಂದಳು. ಮೂಸಿದಳು. ಎರಡು ಸುತ್ತು ಸುತ್ತಿದಳು. ದಿನಭವಿಷ್ಯದ ಮೇಲೆ ಕೂತು, ನನ್ನ ಮುಖವನ್ನೇ ನೋಡುತ್ತಾ ಹೊಯ್ದಳು. ಆಮೇಲೆ ಕೋಳಿ ಚೂರಿಗೆ ಕಾದು ನಿಂತಳು. ನ್ಯಾಯವಾಗಿ ಕೊಡಬೇಕಾಗಿತ್ತು ಕೂಡ. ನಾನು ಕಲಿಸಿದ್ದನ್ನೇ ತಾನೇ ಅವಳು ಮಾಡಿದ್ದು? ಪೇಪರ್ ಅಂದರೆ ಕಕ್ಕಸು ಅಂತ ಹೇಳಿಕೊಟ್ಟ ಮೇಲೆ, ಓದುವ ಪೇಪರ್ ಯಾವುದು, ಹಳೇ ಪೇಪರ್ ಯಾವುದು ಅಂತ ಮರಿಗೇನು ಗೊತ್ತು.

ಪ್ಯಾಡ್, ಅಂದರೆ ಮರಿ ಉಚ್ಚೆ ಹೊಯ್ಯಲು ನೆಲಕ್ಕೆ ಹಾಸುವ ಮೆತ್ತನೆ ಹಾಳೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದಕ್ಕೆ ಇಪ್ಪತ್ತೈದು ರೂಪಾಯಿಯಂತೆ 50ರ ಒಂದು ಕಟ್ಟು ತಂದೆ. ಹೀರಿಕೊಳ್ಳುತ್ತದೆ, ನೆಲಕ್ಕೆ ಸೋರುವುದಿಲ್ಲ, ಅದು ನಿಜ. ಆದರೆ ಎಳ್ಳು ಅದನ್ನು ಮೊದಲು ಹರಿದಳು. ಹರಿಯುವುದು ಬಿಟ್ಟ ಮೇಲೆ ಉಪಯೋಗಿಸಿದಳು. ಉಪಯೋಗಿಸಲು ಕಲಿತ ಮೇಲೆ, ಕಾಲಿಗೆ ಮೆತ್ತಗೆ ಸಿಕ್ಕಿದ್ದೆಲ್ಲ ಪ್ಯಾಡ್ ಆಯಿತು. ಬಾಗಿಲ ಕಾಲೊರಸು, ಬಚ್ಚಲ ಮುಂದಿನ ಮ್ಯಾಟ್, ಅತ್ತೆಯ ಜಮಖಾನ. ಎಂಟು ದಿನಕ್ಕೆ ನಿಲ್ಲಿಸಿದೆ.

ಹಗ್ಗದ ಕಥೆ ಬೇರೆ. ಹಗ್ಗ ಅಂದರೆ ಕಿಟಕಿ ಸರಳಿಗೆ ಕಟ್ಟಿಹಾಕುವುದಲ್ಲ. ಆರಡಿ ಲೀಶಿನ ಒಂದು ತುದಿ ಅವಳ ಬೆಲ್ಟಿಗೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ. ನಾನು ಹೋದಲ್ಲೆಲ್ಲ ಅವಳು. ಸುಸ್ತಿನ ಕೆಲಸ, ಆದರೆ ನನ್ನ ಕಣ್ಣು ತೆರೆಸಿದ್ದು ಇದೇ. ಮರಿ ಉಚ್ಚೆಗೆ ಹೋಗುವ ಮುಂಚೆ ಹೇಳಿಯೇ ಹೋಗುತ್ತದೆ, ನಾವು ನೋಡಿರುವುದಿಲ್ಲ ಅಷ್ಟೆ. ಆಡುತ್ತಿದ್ದದ್ದು ತಟ್ಟನೆ ನಿಲ್ಲಿಸುತ್ತದೆ. ಮೂಗು ನೆಲಕ್ಕೆ ಹೋಗುತ್ತದೆ. ಸುತ್ತುತ್ತದೆ. ಅಷ್ಟರಲ್ಲಿ ಎತ್ತಿಕೊಂಡರೆ ಗೆದ್ದಿರಿ. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಕಾಲು ಗಂಟೆ-ಅರ್ಧ ಗಂಟೆಯೊಳಗೆ, ಜೋರಾಗಿ ಆಡಿದ ಮೇಲೆ, ಈ ಮೂರು ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಆದದ್ದು ನನ್ನ ಡೈರಿಯಲ್ಲಿ ಬಹಳ ಕಡಿಮೆ. ತೊಂದರೆ ಏನೆಂದರೆ, ಸೊಂಟಕ್ಕೆ ಮರಿ ಕಟ್ಟಿಕೊಂಡು ಒಗ್ಗರಣೆ ಹಾಕಲು ಆಗುವುದಿಲ್ಲ. ಆಫೀಸಿನ ಕರೆ ಬಂದಾಗ ಮೇಜಿನ ಕೆಳಗಿಂದ ಪ್ಯಾಂಟ್ ಎಳೆಯುತ್ತಿದ್ದಳು.

ಇನ್ನು ಕ್ರೇಟ್, ಅಂದರೆ ನಾಯಿ ಮಲಗುವ ಪಂಜರ. ತಂತಿಯದು, ಮಡಚುವಂಥದ್ದು, 36 ಇಂಚು ಉದ್ದ, ನಡುವೆ ಸರಿಸಿ ಹಾಕುವ ತಡೆ ಇರುವುದು. ಯಾರೋ ಬಳಸಿದ್ದನ್ನು 1,800 ರೂಪಾಯಿಗೆ ತಂದೆವು. ಬಾಗಿಲಲ್ಲೇ ಅತ್ತೆ ತಡೆದರು.

‘ಏನಮ್ಮಾ ಇದು? ಇಲಿಗಿಟ್ಟಂಗೆ ಬೋನು ಇಡ್ತೀಯಾ ಆ ಮಗೂಗೆ?’

ನನಗೂ ಒಳಗೊಳಗೇ ಅದೇ ಅನಿಸುತ್ತಿತ್ತು. ಮೊದಲ ರಾತ್ರಿ ನಾನು ಮಾಡಿದ ಎರಡು ತಪ್ಪು ಅವರ ಮಾತನ್ನೇ ನಿಜ ಮಾಡಿತು. ಪಾಪ, ವಿಶಾಲವಾಗಿರಲಿ ಅಂತ ತಡೆ ಹಾಕಲಿಲ್ಲ. ಪರಿಚಯವೇ ಮಾಡಿಸದೆ ಹಾಲ್‌ನಲ್ಲಿಟ್ಟು ಬಾಗಿಲು ಹಾಕಿದೆ. ನಲವತ್ತು ನಿಮಿಷ ಕಿರುಚಿದಳು. ಮೇಲಿನ ಮನೆಯವರು ಬಂದು ಬೆಲ್ ಒತ್ತಿದರು. ಬೆಳಗ್ಗೆ ನೋಡಿದರೆ ಒಂದು ಮೂಲೆಯಲ್ಲಿ ಮಲಗಿದ್ದಾಳೆ, ಇನ್ನೊಂದು ಮೂಲೆಯಲ್ಲಿ ಕೆರೆ.

ಕ್ರೇಟ್ ಕೆಲಸ ಮಾಡುವುದೇ ಮರಿಗೆ ಮಲಗುವ ಜಾಗ ಕೊಳೆ ಮಾಡಲು ಇಷ್ಟವಿಲ್ಲ ಅನ್ನುವ ಒಂದೇ ಕಾರಣಕ್ಕೆ. ಹುಟ್ಟಿದ ಹೊಸದರಲ್ಲಿ ತಾಯಿಯೇ ನೆಕ್ಕಿ ಚೊಕ್ಕಟ ಮಾಡುತ್ತದೆ. ಸುಮಾರು ಮೂರು ವಾರಕ್ಕೆ ಕಾಲು ಬಲಿಯುತ್ತಿದ್ದಂತೆ ಮರಿಗಳು ತಾವಾಗಿಯೇ ಗೂಡಿನಿಂದ ಆಚೆ ಹೋಗಲು ನೋಡುತ್ತವೆ. ಮಾರಾಟಕ್ಕೆ ಅಂತ ವಾರಗಟ್ಟಲೆ ಪಂಜರದಲ್ಲೇ ಬೆಳೆದ ಮರಿಗಳಿಗೆ ಬೇರೆ ದಾರಿಯೇ ಇರುವುದಿಲ್ಲ. ಮಲಗಿದಲ್ಲೇ ಮಾಡಿ ಮಾಡಿ ಆ ಹೇಸಿಗೆ ಹೊರಟುಹೋಗಿರುತ್ತದೆ. ಅಂಥ ಮರಿಗೆ ಕ್ರೇಟ್ ಸುಲಭಕ್ಕೆ ಒಗ್ಗುವುದಿಲ್ಲ. ಎಳ್ಳು ಬೀದಿಯವಳು, ಅವಳಿಗೆ ಆ ಬುದ್ಧಿ ಕೆಟ್ಟಿರಲಿಲ್ಲ. ಕೆಡಿಸಲು ಹೊರಟಿದ್ದು ನಾನು. ಕ್ರೇಟಿನ ಅಳತೆ ಇಷ್ಟೇ: ಎದ್ದು ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ಜಾಗ ಕೊಟ್ಟರೆ ಮರಿ ಅದನ್ನು ಎರಡು ಕೋಣೆಯ ಮನೆ ಮಾಡಿಕೊಳ್ಳುತ್ತದೆ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ನಾಲ್ಕು ದಿನ ಬಾಗಿಲು ತೆಗೆದೇ ಇಟ್ಟು ಊಟದ ತಟ್ಟೆ ಒಳಗಿಟ್ಟೆ. ಮೊದಲ ದಿನ ಹಿಂಗಾಲು ಎರಡೂ ಹೊರಗೇ ಉಳಿದವು. ಮೂರನೇ ದಿನ ಒಳಗೇ ನಿದ್ದೆ ಹೋದಳು. ಆಮೇಲೆ ಐದು ನಿಮಿಷ, ಹತ್ತು ನಿಮಿಷ ಬಾಗಿಲು ಹಾಕಿದೆ. ರಾತ್ರಿ ನಮ್ಮ ಮಂಚದ ಪಕ್ಕಕ್ಕೆ ಸರಿಸಿ, ಕೈ ಕೆಳಗೆ ಬಿಟ್ಟು ತಂತಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿ ಮಲಗಿದೆ. ಬೆರಳಿಗೆ ಮೂಗು ಒತ್ತಿಕೊಂಡು ಮಲಗುತ್ತಿದ್ದಳು. ಕಿರುಚಾಟ ಅಲ್ಲಿಗೆ ಮುಗಿಯಿತು.

ಮರಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ: ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ಡೈರಿ ನೋಡಿದರೆ ಮೊದಲ ರಾತ್ರಿಗಳಲ್ಲಿ ಉಚ್ಚೆಗೆ ಕರೆದೊಯ್ದದ್ದು 11, 2, 5 ಗಂಟೆಗೆ. ಫೆಬ್ರವರಿ ಕೊನೆಗೆ ರಾತ್ರಿ ಒಂದೇ ಸಲ. ಯುಗಾದಿ ಹೊತ್ತಿಗೆ 11ಕ್ಕೆ ಮಲಗಿದರೆ ಬೆಳಗ್ಗೆ ಐದೂವರೆ. ರಾತ್ರಿಯ ಮಟ್ಟಿಗೆ ಕ್ರೇಟಿಗೆ ಸಮ ಯಾವುದೂ ಇಲ್ಲ, ಇದನ್ನು ಅತ್ತೆಯ ಎದುರೂ ಹೇಳುತ್ತೇನೆ.

ಹಗಲಲ್ಲಿ ಹಾಗೆ ಹೇಳಲಾರೆ. ಮಧ್ಯಾಹ್ನ ಎರಡು ಗಂಟೆ ಒಣಗಿದ ಹಾಸಿಗೆಯಲ್ಲಿ ಮಲಗಿದ್ದವಳು, ಬಾಗಿಲು ತೆಗೆದದ್ದೇ ತಡ, ಮೂರು ಹೆಜ್ಜೆ ಓಡಿಬಂದು ಹಾಲಿನ ನಡುವೆ ಕೂತುಬಿಟ್ಟಳು. ಆಗ ಹೊಳೆಯಿತು. ಕ್ರೇಟ್ ಅವಳಿಗೆ ತಡೆದುಕೊಳ್ಳುವುದನ್ನು ಕಲಿಸಿದೆ. ಎಲ್ಲಿ ಹೋಗಬೇಕು ಅನ್ನುವುದನ್ನು ಕಲಿಸಿಲ್ಲ, ಕಲಿಸುವುದೂ ಇಲ್ಲ. ಸ್ವೀಡನ್‌ನಲ್ಲಿ ಮನೆಯೊಳಗೆ ನಾಯಿಯನ್ನು ಹೀಗೆ ಕ್ರೇಟಿನಲ್ಲಿ ಕೂಡಿಡುವುದಕ್ಕೇ ಕಾನೂನು ಒಪ್ಪುವುದಿಲ್ಲ, ಆದರೂ ಅಲ್ಲಿನ ನಾಯಿಗಳು ಹೊರಗೆ ಹೋಗಲು ಕಲಿಯುತ್ತವೆ. ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಎರಡೂ ಇವೆ: ಅಲುಗಾಡಲು ಜಾಗವಿಲ್ಲದ ಪಂಜರವೂ ತಪ್ಪು, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ತಪ್ಪು. ಬೆಳಗ್ಗೆ ಒಂಬತ್ತಕ್ಕೆ ಕ್ರೇಟಿಗೆ ಹಾಕಿ ಸಂಜೆ ಆರಕ್ಕೆ ಬಂದು ತೆಗೆಯುವ ಮನೆಯಾದರೆ ದಯವಿಟ್ಟು ಕ್ರೇಟ್ ತರಬೇಡಿ. ಮರಿಯನ್ನೂ ತರಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ರೇಟಿಗೆ ಹೋಗುವ ಮುಂಚೆ ಬೆಲ್ಟ್ ಬಿಚ್ಚಿ. ಒಂದು ಸಂಜೆ ಅವಳ ಬೆಲ್ಟಿನ ಬಿಲ್ಲೆ ತಂತಿಗೆ ಸಿಕ್ಕಿಕೊಂಡು ಕತ್ತು ತಿರುಚಿಕೊಂಡಿತ್ತು. ನಾನು ಅಡುಗೆಮನೆಯಲ್ಲಿದ್ದೆ, ಕುಕ್ಕರ್ ಕೂಗುತ್ತಿತ್ತು. ಪುಣ್ಯಕ್ಕೆ ತಂತಿ ಅಲುಗಿದ ಸದ್ದು ಕೇಳಿಸಿತು.

ಎಲ್ಲಿ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರಳಿನಲ್ಲಿ. ಯಾವ ಪುಸ್ತಕವನ್ನೂ ನೋಡಿ ಮಾಡಿದ್ದಲ್ಲ. ಮರಿಗಳು ಎಳೆಯದರಲ್ಲಿ ಯಾವ ನೆಲದ ಮೇಲೆ ಹೊಯ್ದು ಅಭ್ಯಾಸವಾಗಿರುತ್ತವೋ ಅದನ್ನೇ ಹುಡುಕುತ್ತವೆ ಅಂತ ಡಾಕ್ಟರು ಮಾತಿನ ನಡುವೆ ಅಂದರು. ಇವಳ ಮೊದಲ ಏಳು ವಾರ ಕಳೆದದ್ದು ಮರಳ ರಾಶಿಯ ಮೇಲೆ, ಅಲ್ವಾ? ಬೀದಿಯ ಮರಳಿನಲ್ಲಿ ಬೇರೆ ನಾಯಿಗಳು ಓಡಾಡಿರುತ್ತವೆ, ಅದು ಬೇಡ. ಅಂಗಡಿಯಿಂದ ಒಂದು ಮೂಟೆ ಎಂ-ಸ್ಯಾಂಡ್ ತರಿಸಿ, ಧೂಳು ಹೋಗುವಂತೆ ತೊಳೆದು, ದೊಡ್ಡ ಕುಂಡದ ಕೆಳಗಿಡುವ ಅಗಲದ ಪ್ಲಾಸ್ಟಿಕ್ ತಟ್ಟೆಗೆ ಮೂರಿಂಚು ತುಂಬಿ ಬಾಲ್ಕನಿಯಲ್ಲಿಟ್ಟೆ. ಎಳ್ಳು ಹತ್ತಿರ ಹೋದಳು. ಮುಂಗಾಲಲ್ಲಿ ಎರಡು ಸಲ ಕೆರೆದಳು. ಬಾಲ ನೆಟ್ಟಗಾಯಿತು. ಕೂತಳು. ಆಮೇಲೆ ಹಿಂಗಾಲಿನಿಂದ ಮರಳು ಚಿಮ್ಮಿಸಿ ಒಣಗಿಹಾಕಿದ ಬಟ್ಟೆಗೆಲ್ಲ ಎರಚಿದಳು. ಆ ಒಗೆದ ಬಟ್ಟೆ ನೋಡಿಯೂ ನನಗೆ ಸಿಟ್ಟು ಬರಲಿಲ್ಲ.

ಅಲ್ಲಿಂದ ಮುಂದೆ ಎರಡನ್ನೂ ಜೋಡಿಸಿದೆ. ಕ್ರೇಟಿನಿಂದ ಎತ್ತಿಕೊಂಡೇ ಹೋಗಿ ಮರಳಿಗೆ ಇಳಿಸುವುದು, ನೆಲಕ್ಕೆ ಕಾಲಿಡಲು ಬಿಡದೆ. ಮುಗಿಸಿದ ಕ್ಷಣ, ಅಲ್ಲೇ ನಿಂತು ಕೋಳಿ ಚೂರು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಸಂಬಳ ಅಂದುಕೊಳ್ಳುತ್ತದೆ. ಮೂರು ವಾರದಲ್ಲಿ ದಿನಕ್ಕೊಂದು ತಪ್ಪು, ಆಮೇಲೆ ವಾರಕ್ಕೊಂದು. ಲಸಿಕೆ ಮುಗಿದ ಮೇಲೆ ಉಚ್ಚೆಯ ವಾಸನೆಯ ಒಂದು ಹಿಡಿ ಮರಳನ್ನು ಕವರಿನಲ್ಲಿ ಕಟ್ಟಿಕೊಂಡು ಕೆಳಗಿನ ಹೊಂಗೆ ಮರದ ಬುಡಕ್ಕೆ ಸುರಿದೆ. ವಾಚ್‌ಮನ್ ಒಂದು ಥರ ನೋಡಿದ. ಎರಡನೇ ದಿನಕ್ಕೆ ಎಳ್ಳು ಅಲ್ಲಿಗೇ ಎಳೆದಳು.

ಗದರುವುದು ಎಲ್ಲ ದಾರಿಗಳಲ್ಲೂ ದಂಡ. ನಮ್ಮನೆಯವರು ಒಮ್ಮೆ ಜೋರಾಗಿ ಗದರಿದರು. ಮಾರನೇ ದಿನದಿಂದ ಅವಳು ಸೋಫಾ ಹಿಂದೆ ಹೋಗಿ ಮಾಡತೊಡಗಿದಳು. ಅವರು ಪಕ್ಕದಲ್ಲಿ ನಿಂತಿದ್ದರೆ ಮರಳಿನ ಮೇಲೂ ಕೂರುತ್ತಿರಲಿಲ್ಲ. ಸರಿಹೋಗಲು ಹತ್ತು ದಿನ ಬೇಕಾಯಿತು. ಫಿನಾಯಿಲ್ ಕೂಡ ಅಷ್ಟೇ, ವಾಸನೆ ಮುಚ್ಚುವುದು ನಮ್ಮ ಮೂಗಿಗೆ ಮಾತ್ರ. ಅರ್ಧ ವಿನೆಗರ್, ಅರ್ಧ ನೀರು ಹಾಕಿ ಒರೆಸಿದ ಕಡೆ ಅವಳು ಮತ್ತೆ ಹುಡುಕಿಕೊಂಡು ಬಂದದ್ದು ಕಡಿಮೆ.

ಮೈಸೂರಿನಲ್ಲಿ ಇದ್ಯಾವುದೂ ಇರಲಿಲ್ಲ. ಹಿತ್ತಲಿಗೆ ಗೋಡೆ ಇದೆ, ಬೇರೆ ನಾಯಿ ಬರುವುದಿಲ್ಲ, ಡಾಕ್ಟರು ಅಲ್ಲಿಗೆ ಬಿಡಬಹುದು ಅಂದಿದ್ದರು. ಅಕ್ಕ ಎರಡು ಗಂಟೆಗೊಮ್ಮೆ ಸೀಬೆ ಮರದ ಕೆಳಗೆ ಬಿಟ್ಟಳು, ಅಷ್ಟೇ. ಮೂರೂವರೆ ತಿಂಗಳಿಗೆ ಬೆಲ್ಲ ಕಲಿತುಬಿಟ್ಟಿದ್ದ. ಒಂದು ರೂಪಾಯಿ ಖರ್ಚಿಲ್ಲ. ‘ನೀನು ಬೆಂಗಳೂರಿನವಳು, ಎಲ್ಲಕ್ಕೂ ಸಾಮಾನು ಬೇಕು ನಿಂಗೆ’ ಅಂತ ಫೋನಿನಲ್ಲಿ ಆಡಿಕೊಂಡಳು.

ಮೇ ರಜೆಯಲ್ಲಿ ಅಕ್ಕ ಬೆಲ್ಲನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಬಂದ ಅರ್ಧ ಗಂಟೆಗೆ ಹಾಲಿನಲ್ಲಿ ಒಂದು, ರೂಮಿನಲ್ಲಿ ಒಂದು. ಅವನ ತಪ್ಪಲ್ಲ. ತೆರೆದ ಬಾಗಿಲಿನಿಂದ ಹೊರಗೆ ಹೋಗುವುದಷ್ಟೇ ಅವನಿಗೆ ಗೊತ್ತು. ಮುಚ್ಚಿದ ಬಾಗಿಲ ಮುಂದೆ ಕಾಯುವುದು, ಕೇಳುವುದು ಅವನ ಬದುಕಿನಲ್ಲೇ ಬಂದಿರಲಿಲ್ಲ. ಮುಂದಿನ ತಿಂಗಳು ನಾವು ಅಲ್ಲಿಗೆ ಹೋದಾಗ ಎಳ್ಳು ಮಡಚಿ ಒಯ್ದ ಕ್ರೇಟಿನಲ್ಲಿ ರಾತ್ರಿಯಿಡೀ ಸದ್ದಿಲ್ಲದೆ ಮಲಗಿದಳು. ಬೆಳಗ್ಗೆ ಅಷ್ಟು ದೊಡ್ಡ ಹಿತ್ತಲಿಗೆ ಬಿಟ್ಟರೆ, ಹುಲ್ಲು, ಮಣ್ಣು, ತುಳಸಿಕಟ್ಟೆ ಎಲ್ಲ ಮೂಸಿ, ಇಪ್ಪತ್ತು ನಿಮಿಷ ಸುತ್ತಿ, ಕೊನೆಗೆ ಕಾಂಪೌಂಡ್ ಮೂಲೆಯಲ್ಲಿ ಪ್ಲಾಸ್ಟರಿಂಗಿಗೆ ತಂದು ಉಳಿದಿದ್ದ ಒಂದು ಬುಟ್ಟಿ ಮರಳನ್ನು ಹುಡುಕಿಕೊಂಡಳು.

ಹಿತ್ತಲಿದ್ದು, ದಿನವಿಡೀ ಮನೆಯಲ್ಲಿ ಯಾರಾದರೂ ಇದ್ದರೆ ನಾನು ಅಕ್ಕನ ದಾರಿಯನ್ನೇ ಹಿಡಿಯುತ್ತೇನೆ. ಫ್ಲ್ಯಾಟ್ ಆದರೆ ರಾತ್ರಿಗೆ ಕ್ರೇಟ್, ಮೊದಲ ಹದಿನೈದು ದಿನ ಸೊಂಟಕ್ಕೆ ಹಗ್ಗ, ಬಾಲ್ಕನಿಯಲ್ಲಿ ಮರಿಗೆ ಗೊತ್ತಿರುವ ನೆಲ. ಮಣ್ಣಿನಲ್ಲಿ ಬೆಳೆದಿದ್ದರೆ ಮಣ್ಣು, ಹುಲ್ಲಿನಲ್ಲಿ ಬೆಳೆದಿದ್ದರೆ ಹುಲ್ಲಿನ ಟ್ರೇ. ಪೇಪರನ್ನು ಮನೆಯಲ್ಲಿ ಯಾರೂ ನೆಲದ ಮೇಲೆ ಹರಡಿ ಓದುವುದಿಲ್ಲ ಅಂತ ಗ್ಯಾರಂಟಿ ಇದ್ದರೆ ನೋಡಿ. ಪ್ಯಾಡಿನ ಕಟ್ಟಿನಲ್ಲಿ ಇನ್ನೂ ಹದಿನಾಲ್ಕು ಉಳಿದಿವೆ. ನೀರಿನ ಫಿಲ್ಟರ್ ತೊಟ್ಟಿಕ್ಕುವ ಕಡೆ ಅತ್ತೆ ಒಂದೊಂದೇ ಹಾಸುತ್ತಿದ್ದಾರೆ.