ಪಾಲಿಯೆಸ್ಟರ್, ಪಿಪಿ, ನೈಲಾನ್: ಬಿಸಿ ಕ್ಷಾರದ ಟ್ಯಾಂಕಿಗೆ ಯಾವ ಫಿಲ್ಟರ್ ಬ್ಯಾಗ್?

ಪೀಣ್ಯದಲ್ಲಿ ನಮ್ಮದು ಚಿಕ್ಕ ಘಟಕ. ಉಕ್ಕು ಮತ್ತು ಬೀಡುಕಬ್ಬಿಣದ ಬಿಡಿಭಾಗಗಳನ್ನು ಮೆಷಿನ್ ಮಾಡಿ, ತೊಳೆದು, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಕಳಿಸುತ್ತೇವೆ. ಮೆಷಿನ್ ಕೆಲಸದಲ್ಲಿ ನಮಗೆ ಅಷ್ಟಾಗಿ ದೂರು ಬರುವುದಿಲ್ಲ. ಬಂದರೆ ತೊಳೆಯುವುದರಲ್ಲೇ. ಗ್ರಾಹಕರು ಒಂದು ಭಾಗವನ್ನು ಮತ್ತೆ ತೊಳೆದು, ಆ ದ್ರವವನ್ನು 47 ಮಿ.ಮೀ. ಅಗಲದ ತೆಳು ಪೊರೆಯಲ್ಲಿ ಸೋಸಿ, ಉಳಿದ ಕಸವನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ದೊಡ್ಡ ಚೂರು ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಮ್ಮ ಕಡೆ ಇದಕ್ಕೆ ಎಲ್ಲರೂ ಮಿಲಿಪೋರ್ ಟೆಸ್ಟ್ ಅಂತಲೇ ಹೇಳುವುದು. ಒಂದು ಸಲ ಪೂರ್ತಿ ಲಾಟ್ ವಾಪಸ್ ಬಂತು. ಆ ಪೊರೆಯ ಮೇಲೆ ಲೋಹದ ಚೂರಿಗಿಂತ ಜಾಸ್ತಿ ಇದ್ದದ್ದು ಬಿಳಿ ನೂಲಿನ ಎಳೆಗಳು. ತೊಳೆಯುವ ನೀರನ್ನು ಸೋಸಲು ಹಾಕಿದ ನಮ್ಮ ಫಿಲ್ಟರ್ ಬ್ಯಾಗಿನದೇ ಎಳೆಗಳು.

ಅಲ್ಲಿಂದ ಶುರುವಾಯಿತು ಈ ಪರೀಕ್ಷೆ. ಒಂದೇ ಟ್ಯಾಂಕ್, ಒಂದೇ ಪಂಪ್, ಬ್ಯಾಗ್ ಕೂರಿಸುವ ಒಂದೇ ಡಬ್ಬಿ, ಅಂದರೆ ಹೌಸಿಂಗ್. ಬ್ಯಾಗ್ ಮಾತ್ರ ಬದಲಿಸುತ್ತಾ ನಾಲ್ಕು ತಿಂಗಳು ನೋಡಿದೆವು. ಟ್ಯಾಂಕಿನಲ್ಲಿ ಕಾಸ್ಟಿಕ್ (ಕಾಸ್ಟಿಕ್ ಸೋಡಾ, ಅಂದರೆ ತೀಕ್ಷ್ಣ ಕ್ಷಾರ) ಇರುವ ಕ್ಲೀನರ್ ಪುಡಿ ಕಲಸಿದ ನೀರು, 65 ಡಿಗ್ರಿ ಬಿಸಿ, ಪಿಎಚ್ 12ರ ಮೇಲೆ. ಬ್ಯಾಗು ಸೈಜ್ 2, ಅಂದರೆ ಬಾಯಿ 7 ಇಂಚು, ಉದ್ದ 32 ಇಂಚು, ಒಟ್ಟು ಬಟ್ಟೆ ಸುಮಾರು ಅರ್ಧ ಚದರ ಮೀಟರ್. ನೀರು ಬ್ಯಾಗಿನ ಒಳಗೆ ಬಂದು ಹೊರಗೆ ಸೋಸಿಕೊಂಡು ಹೋಗುತ್ತದೆ, ಕಸ ಒಳಗೇ ಉಳಿಯುತ್ತದೆ.

ಮೊದಲು ಮೈಕ್ರಾನ್ ವಿಷಯ ಹೇಳಿಬಿಡುತ್ತೇನೆ. ಬ್ಯಾಗಿನ ಮೇಲೆ 10 ಅಂತ ಬರೆದಿದ್ದರೆ 10 ಮೈಕ್ರಾನಿಗಿಂತ ದೊಡ್ಡದು ಯಾವುದೂ ದಾಟುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಸಾಮಾನ್ಯ ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬ್ಯಾಗಿನಲ್ಲಿ ಆ ಅಂಕಿ ನಾಮಿನಲ್. ಅಂದರೆ ಆ ಅಳತೆಯ ಕಣದಲ್ಲಿ ಒಂದು ಪಾಲನ್ನು ಹಿಡಿಯುತ್ತದೆ, ಉಳಿದದ್ದು ದಾಟುತ್ತದೆ. ಎಷ್ಟು ಪಾಲು ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. ಹೀಗಾಗಿ ಒಬ್ಬರ 10 ಇನ್ನೊಬ್ಬರ 25ರ ಹಾಗೆ ನಡೆದುಕೊಳ್ಳಬಹುದು. ಬಿಗಿಯಾದ ಲೆಕ್ಕ ಬೇಕಿದ್ದರೆ ಅಬ್ಸಲ್ಯೂಟ್ ಅಂತ ಕೇಳಬೇಕು, ಶೇಕಡಾ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಮೊದಲಿಂದ ಇದ್ದದ್ದು ಪಾಲಿಯೆಸ್ಟರ್ ಫೆಲ್ಟ್. ಅದನ್ನು ಆರಿಸಿದ ಕಾರಣ ಸರಿಯಾಗಿಯೇ ಕಾಣುತ್ತಿತ್ತು. ನೀರು ಬಿಸಿ ಇದೆ, ಪಿಪಿ ಅಂದರೆ ಪಾಲಿಪ್ರೊಪಿಲೀನ್ ಸುಮಾರು 90 ಡಿಗ್ರಿವರೆಗೆ ಮಾತ್ರ, ಪಾಲಿಯೆಸ್ಟರ್ ಅದಕ್ಕಿಂತ ತುಂಬಾ ಜಾಸ್ತಿ ತಡೆಯುತ್ತದೆ, ಆದ್ದರಿಂದ ಅದೇ ಗಟ್ಟಿ. ಆದರೆ ನಮ್ಮ ಟ್ಯಾಂಕಿನಲ್ಲಿ ಬರೀ ಬಿಸಿ ಇಲ್ಲ, ಬಿಸಿಯ ಜೊತೆ ಕಾಸ್ಟಿಕ್ ಇದೆ. ಇವೆರಡೂ ಸೇರಿದರೆ ಪಾಲಿಯೆಸ್ಟರಿನ ಎಳೆಯನ್ನು ಮೇಲಿನಿಂದ ಸವೆಸುತ್ತಾ ಬರುತ್ತವೆ. ಬಟ್ಟೆ ಗಿರಣಿಗಳಲ್ಲಿ ಪಾಲಿಯೆಸ್ಟರ್ ಸೀರೆ ಬಟ್ಟೆಯನ್ನು ಮೆತ್ತಗೆ ಮಾಡಲು ಬೇಕಂತಲೇ ಬಿಸಿ ಕಾಸ್ಟಿಕ್ಕಿನಲ್ಲಿ ಅದ್ದಿ ತೂಕ ಇಳಿಸುತ್ತಾರೆ. ಅದೇ ಕೆಲಸ ನಮ್ಮ ಹೌಸಿಂಗ್ ಒಳಗೆ ನಮಗೆ ಗೊತ್ತಿಲ್ಲದೆ ನಡೆಯುತ್ತಿತ್ತು. ಪರೀಕ್ಷೆಗೆ ಹಾಕಿದ ಹೊಸ ಪಾಲಿಯೆಸ್ಟರ್ ಬ್ಯಾಗ್ ಮೊದಲ ವಾರ ಚೆನ್ನಾಗಿಯೇ ಸೋಸಿತು. ಮೂರನೇ ವಾರ ಹೊರಗೆ ತೆಗೆದು ಹೊಲಿಗೆಯ ಹತ್ತಿರ ಎಳೆದರೆ ಕೈಯಲ್ಲೇ ಹರಿಯಿತು. ಹೊಲಿದ ದಾರವೂ ಪಾಲಿಯೆಸ್ಟರೇ ಆಗಿತ್ತು.

ಹಾಗಂತ ಪಾಲಿಯೆಸ್ಟರ್ ಕೆಟ್ಟದ್ದಲ್ಲ. ತೂತಿನ ಒಳಮೈಯನ್ನು ಉಜ್ಜಿ ನುಣುಪು ಮಾಡುವ ಹೋನಿಂಗ್ ಮೆಷಿನ್ನಿನ ಎಣ್ಣೆಗೆ ಅದನ್ನೇ ಹಾಕಿದ್ದೇವೆ. ಅಲ್ಲಿ ನೀರೂ ಇಲ್ಲ, ಕಾಸ್ಟಿಕ್ಕೂ ಇಲ್ಲ, ಬರೀ ಮಿನರಲ್ ಆಯಿಲ್. ಪಿಪಿ ಎಣ್ಣೆ ಕುಡಿದು ಊದಿಕೊಳ್ಳುತ್ತದೆ, ಪಾಲಿಯೆಸ್ಟರ್ ತನ್ನ ಆಕಾರ ಬಿಡುವುದಿಲ್ಲ.

ಎರಡನೆಯದು ಪಿಪಿ ಫೆಲ್ಟ್, 10 ಮೈಕ್ರಾನ್. ಕ್ಷಾರಕ್ಕೂ ಹೆಚ್ಚಿನ ಆಮ್ಲಗಳಿಗೂ ಇದು ಜಗ್ಗುವುದಿಲ್ಲ. 65 ಡಿಗ್ರಿಯಲ್ಲಿ ಆರಾಮಾಗಿ ಇತ್ತು. ಪೊರೆಯ ಮೇಲೆ ಬಿಳಿ ಎಳೆ ಪೂರ್ತಿ ನಿಲ್ಲಲಿಲ್ಲ, ಆದರೆ ಗುರುತಿಸುವಷ್ಟು ಇಳಿಯಿತು. ಆಮೇಲೆ ಹೊರಮೈಯನ್ನು ಬಿಸಿಯಿಂದ ಸವರಿ ಎಳೆ ಕೂರಿಸಿದ ಬ್ಯಾಗ್ ತರಿಸಿದೆವು. ಗ್ಲೇಜ್ಡ್ ಅಂತ ಕೇಳಿದರೆ ಕೊಡುತ್ತಾರೆ. ಹೊರಮೈ ಕೈಗೆ ನುಣುಪಾಗಿ ಸಿಗುತ್ತದೆ. ಇದು ಬಂದ ಮೇಲೆ ಎಳೆಯ ದೂರು ನಿಂತಿತು. ಒಂದೇ ತೊಂದರೆ ಅಂದರೆ ಆಯಸ್ಸು. ಮೂರು, ಜಾಸ್ತಿ ಅಂದರೆ ನಾಲ್ಕು ದಿನಕ್ಕೆ ಜಾಮ್.

ಇಲ್ಲೊಂದು ಅಡ್ಡ ಮಾತು. ಪಿಪಿ ಅಂತ ಬಿಲ್ ಹಾಕಿ ಕೊಟ್ಟ ಒಂದು ಕಟ್ಟಿನಲ್ಲಿ ಪಾಲಿಯೆಸ್ಟರ್ ಬ್ಯಾಗುಗಳು ಸೇರಿಕೊಂಡಿದ್ದವು. ಎರಡೂ ಬಿಳಿ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪತ್ತೆ ಮಾಡುವುದು ಸುಲಭ. ಬಟ್ಟೆಯ ಒಂದು ಚೂರು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ನೀರಿನೊಳಗೆ ಚೆನ್ನಾಗಿ ಹಿಂಡಿ. ಒಳಗಿನ ಗಾಳಿ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಎರಡೂ ತೇಲಿ ಮೋಸ ಹೋಗುತ್ತೀರಿ. ಆಮೇಲೆ ಬಿಟ್ಟರೆ ಪಿಪಿ ಮೇಲೆ ಬರುತ್ತದೆ, ಪಾಲಿಯೆಸ್ಟರ್ ತಳಕ್ಕೆ ಕೂರುತ್ತದೆ. ಪಿಪಿ ನೀರಿಗಿಂತ ಹಗುರ. ಈಗ ಪ್ರತಿ ಕಟ್ಟಿನಿಂದ ಒಂದು ಬ್ಯಾಗಿನ ಅಂಚಿನಿಂದ ಚೂರು ತೆಗೆದು ಈ ಪರೀಕ್ಷೆ ಮಾಡದೆ ಸ್ಟೋರಿಗೆ ತೆಗೆದುಕೊಳ್ಳುವುದಿಲ್ಲ.

ಮೂರನೆಯದು ನೈಲಾನ್ ಜಾಲರಿ, ಒಂಟಿ ಎಳೆಯಿಂದ ನೇಯ್ದದ್ದು. ಇದು ಫೆಲ್ಟಿನ ಜಾತಿಯೇ ಅಲ್ಲ. ಫೆಲ್ಟು ಕಂಬಳಿಯ ಹಾಗೆ, ಕಸವನ್ನು ತನ್ನ ದಪ್ಪದೊಳಗೆ ಸಿಕ್ಕಿಸಿಕೊಳ್ಳುತ್ತದೆ. ಜಾಲರಿ ಹಿಟ್ಟಿನ ಜರಡಿಯ ಹಾಗೆ, ಕಣ್ಣಿಗಿಂತ ದೊಡ್ಡದನ್ನು ಮೇಲೆ ನಿಲ್ಲಿಸುತ್ತದೆ, ಚಿಕ್ಕದನ್ನು ಬಿಡುತ್ತದೆ. ಎಳೆ ಬಿಡುವ ಪ್ರಶ್ನೆಯೇ ಇಲ್ಲ. ನೈಲಾನ್ ಕ್ಷಾರಕ್ಕೆ ಚೆನ್ನಾಗಿ ನಿಲ್ಲುತ್ತದೆ. ಆಮ್ಲಕ್ಕೆ ಮಾತ್ರ ಹಾಕಬೇಡಿ, ಕರಗಿ ಹೋಗುತ್ತದೆ. ಬೆಲೆ ನಮಗೆ ಪಿಪಿ ಬ್ಯಾಗಿನ ಎರಡರಷ್ಟು ಬಿತ್ತು, ಆದರೆ ತೊಳೆದು ಮತ್ತೆ ಹಾಕಬಹುದು. 100 ಮೈಕ್ರಾನ್ ಜಾಲರಿ ಬರ್ರು (ಅಂಚಿನಲ್ಲಿ ಉಳಿಯುವ ಮುಳ್ಳಿನಂಥ ಚೂರು), ಸುರುಳಿ ಚೂರುಗಳನ್ನೆಲ್ಲ ಹಿಡಿಯಿತು. ಆದರೆ ಬೀಡುಕಬ್ಬಿಣದ ಕಪ್ಪು ಪುಡಿ ಆರಾಮಾಗಿ ದಾಟಿತು. ಪೊರೆ ಕಪ್ಪಗೆ ಬಂತು. ಇದೊಂದನ್ನೇ ನಂಬಿದ್ದರೆ ಇನ್ನೊಂದು ಲಾಟ್ ವಾಪಸ್ ಬರುತ್ತಿತ್ತು.

ಆಗಲೇ ಹೊಳೆದದ್ದು, ಇವು ಒಂದಕ್ಕೊಂದು ಎದುರಾಳಿಗಳಲ್ಲ, ಹಿಂದೆ ಮುಂದೆ ನಿಲ್ಲಿಸಬೇಕಾದವು ಅಂತ. ಮೊದಲ ಹೌಸಿಂಗಿನಲ್ಲಿ ನೈಲಾನ್ 100, ಎರಡನೆಯದರಲ್ಲಿ ಪಿಪಿ 10. ಟ್ಯಾಂಕಿನ ವಾಪಸ್ ಪೈಪಿನ ಬಾಯಲ್ಲಿ ಒಂದು ಮ್ಯಾಗ್ನೆಟ್ ಸಾಲು, ಮೇಲೆ ತೇಲುವ ಎಣ್ಣೆ ತೆಗೆಯಲು ಬೆಲ್ಟ್ ಸ್ಕಿಮ್ಮರ್. ಪಿಪಿ ಬ್ಯಾಗಿನ ಆಯಸ್ಸು ನಾಲ್ಕರಿಂದ ಒಂಬತ್ತು ದಿನಕ್ಕೆ ಹೋಯಿತು. ಇದರಲ್ಲಿ ಸ್ಕಿಮ್ಮರಿನ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ಪಿಪಿಗೆ ಎಣ್ಣೆ ಅಂದರೆ ಪ್ರೀತಿ, ಸಿಕ್ಕಿದ್ದನ್ನೆಲ್ಲ ಹೀರುತ್ತದೆ, ಎಣ್ಣೆ ಕೂತ ಫೆಲ್ಟಿಗೆ ಕಪ್ಪು ಪುಡಿ ಮೆತ್ತಿಕೊಂಡು ಗೋಡೆಯ ಗಾರೆಯ ಹಾಗೆ ಆಗುತ್ತದೆ.

ಒಂಬತ್ತು ದಿನ ಬರುತ್ತಿದ್ದ ಬ್ಯಾಗ್ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಎರಡೇ ದಿನಕ್ಕೆ ಇಳಿಯಿತು. ಬ್ಯಾಗಿನ ಗುಣಮಟ್ಟ ಬಿದ್ದಿದೆ ಅಂತ ಸಪ್ಲೈಯರಿಗೆ ಫೋನ್ ಮಾಡಿ ಜಗಳವೂ ಆಡಿದೆ. ತೆಗೆದ ಬ್ಯಾಗ್ ಒಣಗಿದ ಮೇಲೆ ರಟ್ಟಿನ ಹಾಗೆ ಸೆಟೆದು ನಿಂತಿತ್ತು. ನಮ್ಮ ಹಿರಿಯ ಆಪರೇಟರ್ ಒಬ್ಬರಿದ್ದಾರೆ, ನಾವೆಲ್ಲ ಅಣ್ಣ ಅಂತ ಕರೆಯುತ್ತೇವೆ. ಅವರು ಆ ಬ್ಯಾಗನ್ನು ಬೆರಳಲ್ಲಿ ಉಜ್ಜಿ, "ಸಾರ್, ಇದು ಕಸ ಅಲ್ಲ, ಸುಣ್ಣ. ನಮ್ಮನೆ ಗೀಸರ್ ಕಾಯಿಲ್ ಹಿಂಗೇ ಇರ್ತದೆ" ಅಂದರು. ಬ್ಯಾಗನ್ನು ಒಳ್ಳೆ ನೀರಲ್ಲಿ ತೊಳೆದು ಕ್ಷಾರ ತೆಗೆದು, ಆ ಬಿಳಿ ಪದರದ ಮೇಲೆ ನಿಂಬೆಹಣ್ಣು ಹಿಂಡಿದೆವು. ನೊರೆ ನೊರೆಯಾಗಿ ಗುಳ್ಳೆ ಬಂತು.

ಆಗಿದ್ದು ಇಷ್ಟೇ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬದಲಾಗಿತ್ತು. ಹೊಸ ಬೋರ್‌ವೆಲ್ ನೀರು ತುಂಬಾ ಗಡಸು. ಗಡಸು ನೀರನ್ನು ಕಾಯಿಸಿ ಕ್ಷಾರ ಸೇರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಹೊರಗೆ ಬೀಳುತ್ತದೆ. ಟ್ಯಾಂಕಿಗೆ ನೀರು ತುಂಬಿಸಿದಾಗಲೆಲ್ಲ ನಾವೇ ಹೊಸ ಕಸ ತಯಾರಿಸಿ, ಅದನ್ನು ಹಿಡಿ ಅಂತ ಬ್ಯಾಗಿಗೆ ಒಪ್ಪಿಸುತ್ತಿದ್ದೆವು. ನೀರಿನ ಗಡಸುತನ ತೆಗೆಯುವ ಚಿಕ್ಕ ಸಾಫ್ಟ್‌ನರ್ ಹಾಕಿದ ಮೇಲೆ ಬ್ಯಾಗ್ ಮತ್ತೆ ಒಂಬತ್ತು ದಿನಕ್ಕೆ ಬಂತು. ಸಪ್ಲೈಯರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. ನಿಮ್ಮ ಬ್ಯಾಗ್ ಬೇಗ ಜಾಮ್ ಆಗುತ್ತಿದ್ದರೆ ಮೊದಲು ಅದರ ಒಳಗೆ ಏನಿದೆ ನೋಡಿ. ಜಿಡ್ಡಾ, ಕಪ್ಪು ಪುಡಿಯಾ, ಸುಣ್ಣವಾ ಅಂತ ಗೊತ್ತಾಗದೆ ಸುಮ್ನೆ ಮೈಕ್ರಾನ್ ಬದಲಿಸಿದರೆ ದುಡ್ಡು ದಂಡ.

ಬ್ಯಾಗಿನ ಬಾಯಿಗೆ ಬರುತ್ತೇನೆ. ಬಟ್ಟೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರಿಂಗಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಸ್ಟೀಲ್ ರಿಂಗ್ ಹೊಲಿದ ಬ್ಯಾಗ್ ಅಗ್ಗ, ಆದರೆ ಅದು ಹೌಸಿಂಗಿನಲ್ಲಿ ಸರಿಯಾಗಿ ಕೂರುವುದು ಕೂರಿಸುವವರ ಕೈಯಲ್ಲಿದೆ. ಬಟ್ಟೆ ಒಂದು ಕಡೆ ಮಡಚಿಕೊಂಡರೂ ಆ ಸಂದಿಯಿಂದ ಸೋಸದ ನೀರು ನುಗ್ಗುತ್ತದೆ. ಪ್ಲಾಸ್ಟಿಕ್ ಕಾಲರ್ ಅಚ್ಚು ಹಾಕಿದ ಬ್ಯಾಗ್ ಸ್ವಲ್ಪ ದುಬಾರಿ, ಒತ್ತಿದರೆ ಸುತ್ತಲೂ ಸಮನಾಗಿ ಕೂರುತ್ತದೆ, ಹಿಡಿ ಇರುವುದರಿಂದ ತೆಗೆಯುವುದೂ ಸಲೀಸು. ರಾತ್ರಿ ಪಾಳಿಯಲ್ಲಿ ಅವಸರದಲ್ಲಿ ಬದಲಿಸಿದ ದಿನಗಳ ರಿಪೋರ್ಟ್ ನೋಡಿದೆ. ಕಾಲರ್ ಬ್ಯಾಗಿನಲ್ಲಿ ಏರಿಳಿತ ಕಡಿಮೆ. ನನ್ನ ಮತ ಕಾಲರಿಗೆ. 10 ಮೈಕ್ರಾನ್ ಬಟ್ಟೆ ಹಾಕಿ ಬಾಯಲ್ಲಿ ಅರ್ಧ ಮಿಲಿಮೀಟರ್ ಸಂದಿ ಬಿಟ್ಟರೆ ಅದು 500 ಮೈಕ್ರಾನ್ ಬಾಗಿಲು, ಅಲ್ವಾ?

ಬಟ್ಟೆ ಸರಿಯಾಗಿ ಬಾಸ್ಕೆಟ್ಟಿಗೆ ಒರಗಿದೆಯಾ ಅಂತಲೂ ನೋಡಬೇಕು. ಹೌಸಿಂಗಿನೊಳಗೆ ಒತ್ತಡವನ್ನು ಹೊರುವುದು ತೂತಿನ ಬಾಸ್ಕೆಟ್, ಬಟ್ಟೆಯಲ್ಲ. ಬ್ಯಾಗ್ ಬಾಸ್ಕೆಟ್ಟಿಗಿಂತ ಗಿಡ್ಡ ಇದ್ದರೆ ತಳ ನೇತಾಡಿ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಬಟ್ಟೆಯನ್ನು ಮೊದಲು ಒದ್ದೆ ಮಾಡಿ, ಕೈ ಇಳಿಸಿ ತಳದವರೆಗೆ ಬಿಡಿಸಿ ಕೂರಿಸಿ. ಪಂಪ್ ನಿಂತಾಗ ನೀರು ಹಿಂದಕ್ಕೆ ಹರಿದು ಬ್ಯಾಗ್ ಮೇಲೆ ಉಬ್ಬಿ ಬರುತ್ತಿದ್ದರೆ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ ಬೇಕೇ ಬೇಕು.

ಬ್ಯಾಗ್ ಯಾವಾಗ ಬದಲಿಸಬೇಕು? ನಮ್ಮಲ್ಲಿ ಮೊದಲು ಒಳಬರುವ ಕಡೆ ಒಂದೇ ಪ್ರೆಶರ್ ಗೇಜ್ ಇತ್ತು. ಅದರಿಂದ ಏನೂ ಗೊತ್ತಾಗುವುದಿಲ್ಲ, ಮುಂದೆ ನಾಜಲ್ ಕಟ್ಟಿದರೂ ಅದು ಏರುತ್ತದೆ. ಒಳಗೊಂದು, ಹೊರಗೊಂದು ಗೇಜ್ ಹಾಕಿ, ಎರಡರ ವ್ಯತ್ಯಾಸ ನೋಡಿ. ಹೊಸ ಬ್ಯಾಗಿನಲ್ಲಿ ವ್ಯತ್ಯಾಸ 0.1 ಬಾರ್ ಆಸುಪಾಸು. ನಾವು 1 ಬಾರ್ ತಲುಪುವ ಮೊದಲೇ ತೆಗೆಯುತ್ತೇವೆ. ಅದಕ್ಕೂ ಮೇಲೆ ತಳ್ಳಿದರೆ ಹಿಡಿದ ಕಸವನ್ನೇ ಬಟ್ಟೆಯ ಆಚೆಗೆ ನೂಕಿದಂತೆ. ಮೆದು ಕಸ ಇದ್ದರಂತೂ ಹಿಂಡಿಕೊಂಡು ದಾಟುತ್ತದೆ. ಇನ್ನೊಂದು ಮುಖ್ಯ ಮಾತು: ಏರುತ್ತಿದ್ದ ವ್ಯತ್ಯಾಸ ಒಂದು ಬೆಳಿಗ್ಗೆ ತಾನಾಗಿ ಸೊನ್ನೆಗೆ ಇಳಿದಿದ್ದರೆ ಖುಷಿ ಪಡಬೇಡಿ. ಪಂಪ್ ಸರಿ ಓಡುತ್ತಿದ್ದರೆ ಬ್ಯಾಗ್ ಹರಿದಿದೆ ಅಂತಲೇ ಅರ್ಥ. ತಕ್ಷಣ ತೊಳೆಯುವುದನ್ನು ನಿಲ್ಲಿಸಿ.

ಫೆಲ್ಟ್ ಬ್ಯಾಗನ್ನು ತೊಳೆದು ಮತ್ತೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಮಗೂ ಬಂತು. ಪ್ರೆಶರ್ ವಾಷರಿನಲ್ಲಿ ಹೊಡೆದು ನೋಡಿದೆವು. ಹೊರಗೆ ಬೆಳ್ಳಗಾಯಿತು, ಒಳಗಿನ ಪುಡಿ ಅಲ್ಲೇ ಇತ್ತು. ಎಳೆಗಳು ಕೆದರಿ, ಮಿಲಿಪೋರಿನಲ್ಲಿ ಕಸ ಹೊಸ ಬ್ಯಾಗಿಗಿಂತ ಜಾಸ್ತಿ ಬಂತು, ಬ್ಯಾಗ್ ಒಂದೇ ದಿನಕ್ಕೆ ಮತ್ತೆ ಕಟ್ಟಿತು. ನೈಲಾನ್ ಜಾಲರಿ ಮಾತ್ರ ತೊಳೆಯಿರಿ. ಒಳಗಿನ ಮೈ ಹೊರಕ್ಕೆ ತಿರುಗಿಸಿ, ಹಿಂದಿನಿಂದ ನೀರು ಬಿಡಿ, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್ ಬೇಡ, ಕಣ್ಣು ಸರಿದು ಅಗಲವಾಗುತ್ತದೆ. ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ.

ಕೊನೆಯಲ್ಲಿ ಜಾಲಾಡುವ ರಿನ್ಸ್ ಟ್ಯಾಂಕಿಗೆ ಹಲವು ಪದರದ ಮೆಲ್ಟ್‌ಬ್ಲೋನ್ (ಕರಗಿಸಿ ಗಾಳಿಯಲ್ಲಿ ಊದಿ ಮಾಡಿದ ತೀರ ಸಣ್ಣ ಎಳೆಯ) ಪಿಪಿ ಬ್ಯಾಗ್ ಹಾಕಿದ್ದೇವೆ, 5 ಮೈಕ್ರಾನ್. ದುಬಾರಿ. ಆದರೆ ಅಲ್ಲಿ ಕಸ ಕಡಿಮೆ, ತಿಂಗಳ ಮೇಲೆ ಬರುತ್ತದೆ. ಇದನ್ನೇ ಮೊದಲ ಟ್ಯಾಂಕಿಗೆ ಹಾಕಿದಾಗ ಒಂದು ಪಾಳಿಯೂ ಮುಗಿಯಲಿಲ್ಲ.

ಬದಲಿಸುವಾಗ ಪಂಪ್ ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿ, ಮೇಲಿನ ವೆಂಟ್ ತೆರೆದು ಒತ್ತಡ ಪೂರ್ತಿ ಇಳಿಸಿ, ಡ್ರೈನ್ ಮಾಡಿ, ಆಮೇಲೆ ಮುಚ್ಚಳಕ್ಕೆ ಕೈ ಹಾಕಿ. ಬಿಸಿ ಕಾಸ್ಟಿಕ್ ಕಣ್ಣಿಗೆ ಹಾರಿದರೆ ಎಂಥ ಬ್ಯಾಗ್ ಉಳಿಸಿಯೂ ಪ್ರಯೋಜನವಿಲ್ಲ. ಗಾಗಲ್ಸ್, ಉದ್ದ ಗ್ಲೌಸ್ ಇಲ್ಲದೆ ನಮ್ಮಲ್ಲಿ ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ. ಮುಚ್ಚಳದ ಓ-ರಿಂಗ್ ಒರೆಸಿ, ಸೆಟೆದಿದ್ದರೆ ಬದಲಿಸಿ. ತೆಗೆದ ಬ್ಯಾಗನ್ನು ಕಸದ ಗಾಡಿಗೆ ಹಾಕುವಂತಿಲ್ಲ. ಎಣ್ಣೆ ಹಿಡಿದ ಫಿಲ್ಟರುಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿವೆ. ನೀರು ಸೋರಿದ ಮೇಲೆ ಮುಚ್ಚಳದ ಡ್ರಮ್ಮಿನಲ್ಲಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳುತ್ತೇವೆ.

ಈಗ ಪಿಪಿ ಹೌಸಿಂಗಿನ ಪಕ್ಕ ಇನ್ನೊಂದು ಹೌಸಿಂಗ್ ಜೋಡಿಸಿದ್ದೇವೆ, ಎರಡೂ ಒಟ್ಟಿಗೆ ಓಡುತ್ತವೆ. ಪ್ರತಿ ಬ್ಯಾಗಿನ ಪಾಲಿಗೆ ಅರ್ಧ ನೀರು. ಎರಡು ಬ್ಯಾಗಿಗೆ ಹದಿನೆಂಟು ದಿನ ಬರಬಹುದು ಅಂತ ಲೆಕ್ಕ ಹಾಕಿದ್ದೆ. ಮೊನ್ನೆ ತೆಗೆದ ಜೋಡಿ ಇಪ್ಪತ್ತಾರು ದಿನ ಬಂದಿತ್ತು. ನಿಧಾನವಾಗಿ ಹರಿದರೆ ಫೆಲ್ಟು ತನ್ನ ಪೂರ್ತಿ ದಪ್ಪವನ್ನು ಬಳಸಿಕೊಳ್ಳುತ್ತದೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಪ್ರತಿ ಪಾಳಿಯ ಎರಡೂ ಗೇಜಿನ ರೀಡಿಂಗನ್ನು ಅಣ್ಣನೇ ಬರೆಯುತ್ತಾರೆ. ಇಪ್ಪತ್ತಾರರ ಸುತ್ತ ಅವರು ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿಟ್ಟಿದ್ದಾರೆ.