ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಫಿಲ್ಟರನ್ನು ತೊಳೆದು ಹಾಕಿಸಿಕೊಂಡವನ ಅನುಭವ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ರಿಂಗ್ ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ನನ್ನ ಡೀಸೆಲ್ ಕಾರಿನ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಯನ್ನು ಬದಲಾಯಿಸಿಕೊಂಡೆ. ಫಿಲ್ಟರಿಗೆ ಕೊಡಬೇಕಿದ್ದ 3,200 ರೂಪಾಯಿಯನ್ನು ಉಳಿಸಲು ಹೋಗಿ ಮೂರು ವಾರದೊಳಗೆ 14,800 ರೂಪಾಯಿ ಕಳೆದುಕೊಂಡೆ. ಗಾಡಿಯಂತೂ ಮೊದಲಿನಂತೆ ಆಗಲಿಲ್ಲ. ನಮ್ಮ ಭಾಗದಲ್ಲಿ ಇಂಥ ಗಾಡಿಗಳು ಈಚೆಗೆ ಹೆಚ್ಚುತ್ತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಕ್ಲಚ್ ಪೆಡಲ್ ಇಲ್ಲದ ಗಾಡಿಯನ್ನೆಲ್ಲ ನಾವು ‘ಆಟೋಮ್ಯಾಟಿಕ್’ ಎಂದು ಕರೆದುಬಿಡುತ್ತೇವೆ. ಆದರೆ ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಎಂಬುದು ಸಾಮಾನ್ಯ ಗೇರ್ ಬಾಕ್ಸೇ; ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಅದರಲ್ಲಿ ಯಂತ್ರ ಮಾಡುತ್ತದೆ. ಹಲ್ಲುಗಾಲಿಗಳ ಬದಲು ಬೆಲ್ಟು, ರಾಟೆಗಳಿಂದ ವೇಗ ಹೊಂದಿಸುವ ಸಿವಿಟಿಯ ರಚನೆಯೂ ಅದರ ಎಣ್ಣೆಯೂ ಬೇರೆ. ನನ್ನದು ಟಾರ್ಕ್ ಕನ್ವರ್ಟರ್, ಎಂದರೆ ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ, ಇರುವ ಆರು ಗೇರಿನ ಪೆಟ್ಟಿಗೆ. ಇದರಲ್ಲಿ ಎಣ್ಣೆ ಬರೀ ಜಾರಿಕೆಗಾಗಿ ಇರುವುದಿಲ್ಲ. ಪಂಪು ಅದನ್ನು ಕೆಳಗಿನ ಚೇಂಬರಿನಿಂದ, ಎಂದರೆ ಎಣ್ಣೆ ನಿಲ್ಲುವ ತಟ್ಟೆಯಿಂದ, ಫಿಲ್ಟರಿನ ಮೂಲಕ ಹೀರಿ, ಒತ್ತಡಕ್ಕೇರಿಸಿ, ಒಳಗಿನ ಕ್ಲಚ್ ಪ್ಲೇಟುಗಳನ್ನು ಆ ಒತ್ತಡದಿಂದಲೇ ಅದುಮಿ ಹಿಡಿಸುತ್ತದೆ. ಆದ್ದರಿಂದ ಪಂಪಿನ ಬಾಯಿಯಲ್ಲಿ ಏರುಪೇರಾದರೆ ಪ್ಲೇಟುಗಳ ಹಿಡಿತವೇ ಸಡಿಲವಾಗುತ್ತದೆ.

ನನ್ನ ಗಾಡಿ 85,000 ಕಿಲೋಮೀಟರ್ ಓಡಿತ್ತು. ಚೇಂಬರ್ ಬಿಚ್ಚಿದ ಹುಡುಗ ಫಿಲ್ಟರನ್ನು ಕೈಯಲ್ಲಿ ಹಿಡಿದು, “ಜಾಲಿ ಛಲೋ ಅದರಿ ಸಾಹೇಬ್ರ, ಡೀಸೆಲ್‌ನ್ಯಾಗ ತೊಳ್ದು ಹವಾ ಹೊಡ್ದು ಹಾಕ್ತೀವಿ, ಹೊಸದು ಬ್ಯಾಡ” ಎಂದ. ಜಾಲಿ ಎಂದರೆ ಒಳಗಿನ ಜಾಲರಿ. ಹೊಸದನ್ನು ಹೈದರಾಬಾದಿನಿಂದ ತರಿಸಲು ಎರಡು ದಿನ ಬೇಕಿತ್ತು. ನಾನು ಒಪ್ಪಿದೆ; ಅಷ್ಟರ ಮಟ್ಟಿಗೆ ತಪ್ಪು ನನ್ನದೇ. ಇಂಜಿನ್ನಿನ ಏರ್ ಫಿಲ್ಟರನ್ನು ಹವಾ ಹೊಡೆಸಿ ಮತ್ತೆ ಹಾಕಿಸಿಕೊಂಡು ರೂಢಿಯಾದವರಿಗೆ ಈ ಮಾತು ಸಹಜವಾಗಿಯೇ ಕೇಳಿಸುತ್ತದೆ.

ನಾಲ್ಕೈದು ದಿನ ಏನೂ ತಿಳಿಯಲಿಲ್ಲ. ಬಳಿಕ ರಿವರ್ಸ್ ಹಾಕಿದರೆ ಗಾಡಿ ಎರಡು ಮೂರು ಸೆಕೆಂಡು ಯೋಚನೆ ಮಾಡಿ ಹಿಂದೆ ಸರಿಯತೊಡಗಿತು. ಆಕ್ಸಿಲರೇಟರ್ ಒತ್ತಿದಂತೆ ಏರುವ, ಬಿಟ್ಟಂತೆ ಇಳಿಯುವ ಸಣ್ಣ ಕೊರೆಯುವ ಸದ್ದು ಶುರುವಾಯಿತು. ಅಂಗಳದ ಶಹಾಬಾದ್ ಪರಸಿಯ ಮೇಲೆ ದಿನವೂ ಬಗ್ಗಿ ನೋಡುತ್ತಿದ್ದೆ; ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ. ಸೋರಿಕೆ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಂದು ಮಧ್ಯಾಹ್ನ ಬೀದರಿಗೆ ಹೊರಟಾಗ, ಕಮಲಾಪುರ ದಾಟಿ ಲಾರಿಯೊಂದನ್ನು ಹಿಂದಿಕ್ಕಲು ಹೋದೆ. ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತುಗಳಿಗೆ ಏರಿ ಕಿರುಚಿತು, ಗಾಡಿಯ ವೇಗ ಮಾತ್ರ ಏರಲಿಲ್ಲ. ಎದುರಿನಿಂದ ಬರುತ್ತಿದ್ದ ಬಸ್ಸಿನವರು ವೇಗ ತಗ್ಗಿಸಿದ್ದರಿಂದ ನಾವು ಉಳಿದೆವು. ಬಳಿಕ ಎಚ್ಚರಿಕೆಯ ದೀಪ ಹೊತ್ತಿ ಗೇರ್ ಬಾಕ್ಸ್ ಮೂರನೇ ಗೇರಿನಲ್ಲಿಯೇ ನಿಂತುಬಿಟ್ಟಿತು. ಅದೇ ಗೇರಿನಲ್ಲಿ ಮೆಲ್ಲಗೆ ಕಲಬುರಗಿಗೆ ಮರಳಿದೆವು.

ಹೈದರಾಬಾದಿನಲ್ಲಿ ಹಲವು ವರ್ಷ ಇಂಥ ಗೇರ್ ಬಾಕ್ಸುಗಳನ್ನೇ ಬಿಚ್ಚಿ ಜೋಡಿಸಿದ ಉಸ್ತಾದರೊಬ್ಬರು ಈಗ ನಮ್ಮೂರಿನಲ್ಲಿ ಕೆಲಸ ಮಾಡುತ್ತಾರೆ. ಅವರು ಇಳಿಸಿದ ಎಣ್ಣೆ ಕೆಂಪಗಿರದೆ, ನೊರೆಗಟ್ಟಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರೇಡಿಯೇಟರಿನ ನೀರು ಎಣ್ಣೆಗೆ ಸೇರಿದರೂ ಇದೇ ಬಣ್ಣ ಬರುವುದರಿಂದ ನನಗೆ ಭಯವಾಯಿತು. ಅವರು ಗಾಜಿನ ಬಾಟಲಿಯೊಂದಕ್ಕೆ ಸ್ವಲ್ಪ ಎಣ್ಣೆ ತುಂಬಿ ಬೆಂಚಿನ ಮೇಲಿಟ್ಟರು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಗುಳ್ಳೆಗಳು ಮೇಲೇರಿ ಹೋಗಿ ಎಣ್ಣೆ ಮತ್ತೆ ತಿಳಿಗೆಂಪಾಗಿತ್ತು. ನೀರು ಬೆರೆತಿದ್ದರೆ ಅದು ಹಾಲಿನಂತೆ ಕದಡಿಯೇ ಉಳಿಯುತ್ತಿತ್ತು. ಅಲ್ಲಿಗೆ ಒಳಗೆ ಸೇರಿದ್ದು ಗಾಳಿ ಎಂದಾಯಿತು.

ಗಾಳಿ ಬಂದ ದಾರಿಯೂ ಸಿಕ್ಕಿತು. ಫಿಲ್ಟರಿನ ಕುತ್ತಿಗೆ ಪಂಪಿನ ಬಾಯಿಗೆ ಕೂರುವಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಬಳೆಯಂತೆ ಗಡುಸಾಗಿದ್ದ ಹಳೆಯ ರಿಂಗನ್ನೇ ಆ ಗ್ಯಾರೇಜಿನವರು ಮತ್ತೆ ಕೂರಿಸಿದ್ದರು. ಅದರ ಅಂಚು ಒಂದು ಕಡೆ ಸೀಳಿತ್ತು. “ಎಣ್ಣಿ ಹೊರಗ ಸೋರಿದ್ರ ನೆಲದ ಮ್ಯಾಲ ಕಾಣ್ತದರಿ. ಇದು ಹವಾ ಒಳಗ ಎಳ್ಕೋತದ, ಹ್ಯಾಂಗ ಕಾಣಬೇಕು?” ಎಂದರು ಉಸ್ತಾದರು. ಎಣ್ಣೆಯಂತಲ್ಲದೆ ಗಾಳಿ ಒತ್ತಿದರೆ ಕುಗ್ಗುತ್ತದೆ. ನೊರೆಯಾದ ಎಣ್ಣೆಯಲ್ಲಿ ಒತ್ತಡ ನಿಲ್ಲದೆ ಪ್ಲೇಟುಗಳು ಜಾರಿ ಉಜ್ಜಿಕೊಳ್ಳುತ್ತವೆ. ಹೊಸ ಫಿಲ್ಟರ್ ಹಾಕುವಾಗಲೂ ಈ ರಿಂಗಿನ ಮೇಲೆ ಕಣ್ಣಿಡಬೇಕು. ಹಳೆಯದು ಎಷ್ಟೋ ಸಲ ಫಿಲ್ಟರಿನ ಜೊತೆ ಇಳಿಯದೆ ಪಂಪಿನ ಬಾಯಿಯಲ್ಲೇ ಅಂಟಿಕೊಂಡಿರುತ್ತದೆ, ಅದನ್ನು ತೆಗೆಯದಿದ್ದರೆ ಹೊಸದು ಸರಿಯಾಗಿ ಕೂರುವುದಿಲ್ಲ.

ಆ ಬಳಿಕ ಅವರು ಫಿಲ್ಟರಿನ ಹೊರಕವಚವನ್ನು ಗರಗಸದಿಂದ ಕೊಯ್ದು ತೋರಿಸಿದರು. ಹುಡುಗ ಹೇಳಿದ ಜಾಲಿ ಒಳಗೆ ಇರಲೇ ಇಲ್ಲ. ಕಂಬಳಿಯಂತೆ ಒತ್ತಿ ಮಾಡಿದ ಫೆಲ್ಟ್ ಬಟ್ಟೆಯಿತ್ತು. ಕಸ ಅದರ ಮೇಲ್ಮೈಯಲ್ಲಿ ನಿಲ್ಲದೆ ದಪ್ಪದೊಳಗೆ ಹೊಕ್ಕು ಸಿಕ್ಕಿಕೊಂಡಿರುತ್ತದೆ, ತೊಳೆದರೆ ಬರುವುದಿಲ್ಲ. ಹವಾ ಹೊಡೆದ ಜಾಗದಲ್ಲಿ ಬಟ್ಟೆ ಹಿಂಜಿ ಎಳೆ ಬಿಟ್ಟಿತ್ತು. ಹಿಂಡಿದಾಗ ಈಗಲೂ ಡೀಸೆಲ್ ವಾಸನೆ ಬರುತ್ತಿತ್ತು. ಕೆಲವು ಹಳೆಯ ಗೇರ್ ಬಾಕ್ಸುಗಳಲ್ಲಿ ನಿಜವಾಗಿಯೂ ಬರೀ ಲೋಹದ ಜಾಲರಿ ಇರುತ್ತದೆ, ಅದನ್ನು ತೊಳೆದು ಹಾಕಬಹುದು. ಇನ್ನು ಕೆಲವು ಹೊಸ ಗಾಡಿಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಚೇಂಬರಿಗೇ ಸೇರಿರುವುದರಿಂದ ಇಡೀ ಚೇಂಬರನ್ನೇ ಬದಲಾಯಿಸಬೇಕು. ಕೆಲವಲ್ಲಿ ಗೇರ್ ಬಾಕ್ಸನ್ನೇ ಬಿಚ್ಚದೆ ಫಿಲ್ಟರ್ ಕೈಗೆ ಸಿಗದು. ನಿಮ್ಮದು ಯಾವುದೆಂದು ಎಣ್ಣೆ ಇಳಿಸುವ ಮುನ್ನವೇ ತಿಳಿದುಕೊಳ್ಳಿ.

ಚೇಂಬರಿನ ಅಯಸ್ಕಾಂತಗಳನ್ನೂ ನೀವೇ ನಿಂತು ನೋಡಬೇಕು. ನನ್ನವುಗಳಿಗೆ ಅಂಟಿದ್ದ ಬೂದು ಲೇಪ ಬೆರಳಲ್ಲಿ ತೀಡಿದರೆ ಕಾಡಿಗೆಯಂತೆ ನುಣ್ಣಗಿತ್ತು, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಬರೀ ಎಣ್ಣೆ ಬದಲಾಯಿಸಿ ಪ್ರಯೋಜನವಿಲ್ಲ. ಚೇಂಬರನ್ನು ಒರೆಸಲು ಕಾಟನ್ ವೇಸ್ಟ್ ಬಳಸಲು ಬಿಡಬೇಡಿ. ನನ್ನ ಚೇಂಬರಿನ ಮೂಲೆಯಲ್ಲಿ ಅದರ ದಾರವೊಂದು ಸಿಕ್ಕಿತು.

ಎಣ್ಣೆಯ ಮಟ್ಟದ ವಿಷಯವನ್ನು ನಮ್ಮೂರಿನವರು ವಿಶೇಷವಾಗಿ ಗಮನಿಸಬೇಕು. ನನ್ನ ಗೇರ್ ಬಾಕ್ಸಿಗೆ ಅಳತೆ ಕಡ್ಡಿ ಇಲ್ಲ. ಎಣ್ಣೆಯ ಬಿಸಿ 35ರಿಂದ 45 ಡಿಗ್ರಿ ಇರುವಾಗ, ಸಮತಟ್ಟಾದ ಜಾಗದಲ್ಲಿ, ಇಂಜಿನ್ ಚಾಲೂ ಇಟ್ಟು, ಮಟ್ಟದ ಬೋಲ್ಟ್ ಬಿಚ್ಚಿ, ಹೆಚ್ಚಾದದ್ದು ಸಣ್ಣಗೆ ಹರಿದು ಹೋಗಲು ಬಿಡಬೇಕು. ಮೇ ತಿಂಗಳ ಕಲಬುರಗಿಯಲ್ಲಿ ನೆರಳಿನಲ್ಲಿ ನಿಂತ ಗಾಡಿಯೇ ಮಧ್ಯಾಹ್ನ 42 ಡಿಗ್ರಿ ಮುಟ್ಟಿರುತ್ತದೆ. ಇಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಎಣ್ಣೆ 45 ದಾಟಿ, ಹಿಗ್ಗಿ, ಇರಬೇಕಾದ ಎಣ್ಣೆಯೂ ಹೊರಗೆ ಹರಿದು ಹೋಗುತ್ತದೆ. ಮೊದಲ ಗ್ಯಾರೇಜಿನವರು ಮಧ್ಯಾಹ್ನ ಎರಡು ಗಂಟೆಗೆ, ಬಿಸಿಯನ್ನು ಅಳೆಯದೆ ಈ ಕೆಲಸ ಮುಗಿಸಿದ್ದರು. ಉಸ್ತಾದರು ಬೆಳಿಗ್ಗೆ ಆರಕ್ಕೇ ಬರಹೇಳಿ, ಸ್ಕ್ಯಾನರ್ ಜೋಡಿಸಿ, ಡಿಗ್ರಿ ನೋಡುತ್ತಲೇ ತುಂಬಿದರು.

ಚೇಂಬರಿನಿಂದ ಇಳಿಯುವುದು ಒಟ್ಟು ಎಣ್ಣೆಯ ಅರ್ಧದಷ್ಟೂ ಇರಲಿಕ್ಕಿಲ್ಲ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿಯೂ ಎಣ್ಣೆ ತಣಿಸುವ ಕೂಲರಿನಲ್ಲಿಯೂ ನಿಂತಿರುತ್ತದೆ. ಹಾಗಾಗಿ 1,000 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಇಳಿಸಿ ತುಂಬಿಸಿದೆ. ಮೇಲೆ ಹೇಳಿದ ಮೊತ್ತದಲ್ಲಿ ಅದೂ ಸೇರಿದೆ. ಕೊಯ್ದ ಫಿಲ್ಟರನ್ನು ಮೊದಲ ಗ್ಯಾರೇಜಿಗೆ ಒಯ್ದು ತೋರಿಸಿದಾಗ ಮಾಲೀಕರು ಕೂಲಿಯ 1,500 ರೂಪಾಯಿ ಹಿಂತಿರುಗಿಸಿದರು, ಎಣ್ಣೆಯ ಹಣದ ಮಾತೆತ್ತಲಿಲ್ಲ. ಸದ್ದು ನಿಂತಿದೆ, ರಿವರ್ಸ್ ತಕ್ಷಣ ಹಿಡಿಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎರಡರಿಂದ ಮೂರನೇ ಗೇರಿಗೆ ಹೋಗುವಲ್ಲಿ ಒಂದು ಸಣ್ಣ ಜಗ್ಗು ಮಾತ್ರ ಉಳಿದುಕೊಂಡಿದೆ. ಪ್ಲೇಟು ಎಷ್ಟು ಸವೆದಿದೆ ಎಂದು ನೋಡಬೇಕಾದರೆ ಗೇರ್ ಬಾಕ್ಸನ್ನು ಪೂರ್ತಿ ಇಳಿಸಬೇಕು. ಆ ಖರ್ಚಿಗೆ ನಾನಿನ್ನೂ ಮನಸ್ಸು ಮಾಡಿಲ್ಲ.